ಜೈಲಿಂದ ಅಪೀಲು ಹಾಕೋಕೆ ಎಷ್ಟು ದಿನ ಇದೆ? ಲೆಕ್ಕ ಹಾಕೋದು ಹೀಗೆ

ಮಗನ್ನ ನೋಡೋಕೆ ಜೈಲಿಗೆ ಬಂದಿದ್ದ ಅಮ್ಮ ಒಬ್ರು ಪ್ಲಾಸ್ಟಿಕ್ ಕವರಿಂದ ತೀರ್ಪಿನ ಕಾಪಿ ತೆಗೆದು "ಅಪೀಲಿಗೆ ಟೈಮ್ ಮುಗ್ದೋಯ್ತಂತೆ, ಹೌದಾ ಸರ್" ಅಂದ್ರು. ಮುಗ್ದಿರ್ಲಿಲ್ಲ. ಕೊನೇ ಹಾಳೆ ಮೇಲಿದ್ದ ಸೀಲಲ್ಲೇ ಉತ್ತರ ಇತ್ತು, ಅದನ್ನ ಯಾರೂ ಅವ್ರಿಗೆ ಓದಿ ಹೇಳಿರ್ಲಿಲ್ಲ ಅಷ್ಟೇ.

ಮೊದ್ಲು ಗಡುವು. ಮ್ಯಾಜಿಸ್ಟ್ರೇಟ್ ಕೋರ್ಟ್ ಶಿಕ್ಷೆ ಕೊಟ್ಟಿದ್ರೆ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ಕೋರ್ಟ್ ಕೊಟ್ಟಿದ್ರೆ ಹೈಕೋರ್ಟಿಗೆ 60 ದಿನ (ಗಲ್ಲು ಶಿಕ್ಷೆ ಆದ್ರೆ 30 ಮಾತ್ರ), ಹೈಕೋರ್ಟಲ್ಲೂ ಸೋತ್ರೆ ಸುಪ್ರೀಂ ಕೋರ್ಟಿಗೆ ಸಾಮಾನ್ಯವಾಗಿ 90 ದಿನ.

ಆಮೇಲೆ ಎಣಿಕೆ, ಎಲ್ರೂ ತಪ್ಪೋದು ಇಲ್ಲೇ. ತೀರ್ಪು ಬಂದ ದಿನ ಲೆಕ್ಕಕ್ಕಿಲ್ಲ, ಕಾಪಿ ಸಿಗೋಕೆ ಹಿಡಿದ ದಿನಾನೂ ಕಳೀಬೇಕು. ಮಾರ್ಚ್ 3ಕ್ಕೆ ಸೆಷನ್ಸ್ ತೀರ್ಪು ಬಂತು ಅನ್ಕೊಳ್ಳಿ, 60ನೇ ದಿನ ಮೇ 2. ಆದ್ರೆ ಮಾರ್ಚ್ 10ಕ್ಕೆ ಕಾಪಿಗೆ ಅರ್ಜಿ ಹಾಕಿ 21ಕ್ಕೆ ರೆಡಿ ಆಗಿದ್ರೆ ಆ 12 ದಿನ ಸೇರಿ ಮೇ 14ರವರೆಗೂ ಟೈಮ್ ಇರತ್ತೆ, ಅರ್ಜಿ ಹಾಕಿದ್ದು ಯಾವಾಗ ರೆಡಿ ಆಗಿದ್ದು ಯಾವಾಗ ಅಂತ ಸೀಲಲ್ಲೇ ಇರತ್ತೆ ನೋಡಿ. ಕೊನೇ ದಿನ ಕೋರ್ಟಿಗೆ ರಜೆ ಇದ್ರೆ ತೆರೆದ ದಿನ ಹಾಕ್ಬೋದು.

ತೀರ್ಪಿನ ಒಂದು ಕಾಪಿ ಕೈದಿಗೆ ಫ್ರೀಯಾಗಿ ಕೊಡ್ಲೇಬೇಕು. 1978ರ ಹೊಸ್ಕೋಟ್ ಕೇಸಲ್ಲಿ ಸುಪ್ರೀಂ ಕೋರ್ಟ್, ಜೈಲಿನವ್ರು ಕಾಪಿ ತಲುಪಿಸಿ ಕೈದಿ ಹತ್ರ ಬರಹದಲ್ಲಿ ಸ್ವೀಕೃತಿ ತಗೋಬೇಕು ಅಂತ ಹೇಳಿದೆ. ಹಾಗಾಗಿ ಕಾಪಿ ಕೈಗೆ ಬರದೇ ಸೈನ್ ಮಾತ್ರ ಹಾಕ್ಬೇಡಿ.

ವಕೀಲ್ರು ಇಲ್ದಿದ್ರೂ ಅಪೀಲು ಹಾಕ್ಬೋದು. ಅರ್ಜಿನೂ ತೀರ್ಪಿನ ಕಾಪಿನೂ ಜೈಲಿನ ಅಧಿಕಾರಿ ಕೈಗೆ ಕೊಟ್ರೆ ಅವ್ರು ಕೋರ್ಟಿಗೆ ಕಳಿಸ್ಬೇಕು, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 424ನೇ ಸೆಕ್ಷನ್ ಇದೇ ಹೇಳೋದು. ಅವ್ರಿಗೆ ಕೊಟ್ಟ ದಿನಾನೇ ಕೋರ್ಟಿಗೆ ಕೊಟ್ಟ ದಿನ ಅಂತ ಹಳೇ ಕಾಲದ ತೀರ್ಪುಗಳೇ ಇವೆ, ಅದಕ್ಕೇ ತಾರೀಖು ಹಾಕಿದ ಸ್ವೀಕೃತಿ ಕೇಳಿ ಇಸ್ಕೊಳ್ಳಿ, ದಯವಿಟ್ಟು ಇದೊಂದು ಬಿಡ್ಬೇಡಿ.

ಟೈಮ್ ಮೀರಿದ್ರೆ? ಅಪೀಲಿನ ಜೊತೆ ತಡ ಮನ್ನಾ ಮಾಡಿ ಅಂತ ಲಿಮಿಟೇಷನ್ ಆ್ಯಕ್ಟ್ (ಗಡುವಿನ ಕಾನೂನು) 5ನೇ ಸೆಕ್ಷನ್ನಲ್ಲಿ ಅರ್ಜಿ ಹಾಕಿ. "ಬಡವರು ಸ್ವಾಮಿ" ಅಂತ ಒಂದೇ ಸಾಲು ಬರೆದ್ರೆ ಸಾಲಲ್ಲ, ಕಾಪಿ ಯಾವತ್ತು ಸಿಕ್ತು, ಹುಷಾರಿಲ್ದೆ ಯಾವಾಗ ಆಸ್ಪತ್ರೆಲಿದ್ರು, ವಕೀಲ್ರು ಯಾವಾಗ ಬಿಟ್ಟೋದ್ರು, ಎಲ್ಲ ತಾರೀಖು ಸಮೇತ ಬರೀರಿ.

ಇನ್ನು ಜೈಲಿನವ್ರದೇ ತೀರ್ಮಾನ, ಅಂದ್ರೆ ಪೆರೋಲ್ ಕೊಡಲ್ಲ ಅಂದಿದ್ದು, ರೆಮಿಷನ್ (ಶಿಕ್ಷೆಲಿ ಸಿಗೋ ರಿಯಾಯಿತಿ) ಕಟ್ ಮಾಡಿದ್ದು, ಇದಕ್ಕೆ ಹೈಕೋರ್ಟಲ್ಲಿ ರಿಟ್, ಅಂದ್ರೆ ಅಧಿಕಾರಿಗಳ ತೀರ್ಮಾನ ಪ್ರಶ್ನಿಸೋ ಅರ್ಜಿ ಹಾಕ್ಬೇಕು. ರಿಟ್‌ಗೆ ಇಂತಿಷ್ಟೇ ದಿನ ಅಂತ ಗಡುವು ಇಲ್ಲ, ಆದ್ರೆ ಸುಮ್ನೆ ತಿಂಗಳುಗಟ್ಟಲೆ ಕೂತ್ರೆ "ಇಷ್ಟು ದಿನ ಏನ್ಮಾಡ್ತಿದ್ರಿ" ಅಂತ ಕೇಳ್ತಾರೆ, ಅದೂ ತಂಗಿ ಮದುವೆಗೆ ಅಂತ ಪೆರೋಲ್ ಕೇಳಿರ್ತೀರ, ಮದುವೆ ಮುಗಿದ್ಮೇಲೆ ಹೋಗಿ ಏನು ಬಂತು? ಬಾಯಲ್ಲಿ ಆಗಲ್ಲ ಅಂದ್ರೆ ಬರಹದಲ್ಲಿ ಆರ್ಡರ್ ಕೊಡಿ ಅಂತ ಅವತ್ತೇ ಕೇಳಿ. ಬೆಳಗಾವಿಯ ಹಿಂಡಲಗಾ, ಬಳ್ಳಾರಿ ಜೈಲಿನವ್ರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರ, ಕಲಬುರಗಿಯವ್ರು ಕಲಬುರಗಿ ಪೀಠಕ್ಕೆ, ಮೈಸೂರು, ಪರಪ್ಪನ ಅಗ್ರಹಾರದವ್ರು ಬೆಂಗಳೂರಿಗೆ.

ಜೈಲಲ್ಲಿರೋ ಯಾರಿಗೇ ಆದ್ರೂ, ಆದಾಯ ಎಷ್ಟೇ ಇರ್ಲಿ, ಸರ್ಕಾರದ ಖರ್ಚಲ್ಲೇ ವಕೀಲ್ರು ಸಿಗ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮನೆಯವ್ರು ಅರ್ಜಿ ಕೊಟ್ರೂ ನಡೆಯತ್ತೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಆ ಅಮ್ಮನ ಲೆಕ್ಕದಲ್ಲಿ ಇನ್ನೂ 9 ದಿನ ಉಳಿದಿತ್ತು, ಅವತ್ತೇ ಅರ್ಜಿ ಬರೆಸಿದ್ವಿ.