ಆಪಲ್ ಮರಕ್ಕೆ ನಾನೇ ಚಳಿಗಾಲ ತಂದೆ

ಜನವರಿಯಲ್ಲಿ ನಮ್ಮ ಮನೆಗೆ ಬಂದವರು ಹಿತ್ತಲಿಗೆ ಹೋದರೆ ಗಾಬರಿಯಾಗುತ್ತಾರೆ. ಅಲ್ಲಿ ಎರಡು ಮರಗಳಲ್ಲಿ ಒಂದೇ ಒಂದು ಎಲೆ ಇರುವುದಿಲ್ಲ. ಕೊಂಬೆಗಳಿಗೆ ಹಗ್ಗ ಕಟ್ಟಿ ಕಲ್ಲು ನೇತುಹಾಕಿರುತ್ತೇನೆ. "ಯಾಕಮ್ಮಾ, ಮರ ಒಣಗೋಯ್ತಾ?" ಅಂತ ಕೇಳುತ್ತಾರೆ. ಒಣಗಿಲ್ಲ. ಎಲೆ ಕಿತ್ತವಳು ನಾನೇ. ಅವು ಆಪಲ್ ಮರಗಳು, ಮೇ ತಿಂಗಳ ಕೊನೆಗೆ ಬಂದರೆ ಹಣ್ಣು ಕೊಡುತ್ತೇನೆ ಅಂದರೆ ಅರ್ಧ ಜನ ನಂಬುವುದಿಲ್ಲ.

ನಮ್ಮದು ತಳಿ ಅನ್ನುವ ಊರಿನ ಹತ್ತಿರದ ಹಳ್ಳಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಬಸ್ಸಿನ ಬೋರ್ಡು ತಮಿಳು, ಪಕ್ಕದ ಮನೆಯ ಮಾತು ತೆಲುಗು, ನಮ್ಮ ಮನೆಯ ಮಾತು ಕನ್ನಡ. ನನ್ನ ತವರು ಆನೇಕಲ್ ಕಡೆ, ಗಡಿ ದಾಟಿ ಈಚೆಗೆ ಬಂದ ಸೊಸೆ ನಾನು. ಸುಮಾರು 3,000 ಅಡಿ ಎತ್ತರದ ಜಾಗ. ಹಿಂದೆ ಬ್ರಿಟಿಷರು ತಳಿಯನ್ನು ಲಿಟ್ಲ್ ಇಂಗ್ಲೆಂಡ್ ಅಂತ ಕರೆಯುತ್ತಿದ್ದರಂತೆ. ರಾಗಿ, ಅವರೆ, ಹುರುಳಿ ನಮ್ಮ ಹಳೇ ಬೆಳೆ. ಈಗ ಗುಲಾಬಿ, ಕೋಸು ಎಲ್ಲಾ ಬಂದಿವೆ. ಚಳಿ ಇದೆ ನಿಜ. ಆದರೆ ಆಪಲ್ ಕೇಳುವಷ್ಟು ಚಳಿ ಇಲ್ಲ.

ಆಪಲ್ ಮರದ ವಿಷಯ ಹೀಗಿದೆ. ಚಳಿ ಊರಿನಲ್ಲಿ ಅದು ಎಲೆ ಉದುರಿಸಿ ಮಲಗುತ್ತದೆ. ಹಿಮಾಚಲದ ರಾಯಲ್ ಡೆಲಿಶಿಯಸ್‌ಗೆ 7 ಡಿಗ್ರಿಗಿಂತ ಕಮ್ಮಿ ಚಳಿ ಸಾವಿರ ಗಂಟೆಯಷ್ಟು ಬೇಕು. ಆ ನಿದ್ದೆ ಪೂರ್ತಿಯಾದ ಮೇಲೇ ಅದು ಸರಿಯಾಗಿ ಹೂವು ಬಿಡುವುದು. ನಮ್ಮಲ್ಲಿ ಡಿಸೆಂಬರ್ ರಾತ್ರಿ 11, 12 ಡಿಗ್ರಿಗೆ ಇಳಿದರೆ ಅದೇ ಜಾಸ್ತಿ. ಇಂಥ ಕಡೆ ಮರ ಸಾಯುವುದಿಲ್ಲ. ಸುಮ್ನೆ ಎಲೆ ಹೊತ್ತುಕೊಂಡು ನಿಂತಿರುತ್ತದೆ, ಅಲ್ಲೊಂದು ಇಲ್ಲೊಂದು ಹೂವು ಬಿಟ್ಟುಕೊಂಡು.

ಇದೆಲ್ಲ ಮೊದಲೇ ಗೊತ್ತಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು. ಆಸೆ ಹುಟ್ಟಿಸಿದ್ದು ನಮ್ಮ ಮಾವ. ಹಳೇ ಬೆಂಗಳೂರಿನ ಬಂಗಲೆ ತೋಟಗಳಲ್ಲಿ ರೋಮ್ ಬ್ಯೂಟಿ ಅನ್ನುವ ಆಪಲ್ ಬೆಳೆಯುತ್ತಿದ್ದರು ಅಂತ ಅವರು ಆಗಾಗ ಹೇಳುತ್ತಿದ್ದರು. 2015ರಲ್ಲಿ ಒಬ್ಬರು ಮಾರುವವರ ಹತ್ತಿರ ಒಂದು ಗಿಡ ತಂದೆ. ಕಸಿ ಗಿಡ ಅಂತಲೇ ಹೇಳಿ ಕೊಟ್ಟರು. ಚೆನ್ನಾಗಿ ಬೆಳೆಯಿತು, ನನಗಿಂತ ಎತ್ತರವಾಯಿತು. ಹೂವು ಮಾತ್ರ ಇಲ್ಲ. ನಾಲ್ಕನೇ ವರ್ಷ ನನ್ನ ತಮ್ಮ ಬಂದು ಬುಡ ನೋಡಿ, "ಅಕ್ಕ, ಇದರಲ್ಲಿ ಕಸಿ ಗಂಟೇ ಇಲ್ಲ, ಬೀಜದ ಗಿಡ ಇದು" ಅಂದ. ಕಸಿ ಗಂಟು ಅಂದರೆ ಎರಡು ಗಿಡ ಸೇರಿಸಿ ಕಟ್ಟಿದ ಜಾಗದ ಉಬ್ಬು. ಬೀಜದಿಂದ ಬಂದ ಆಪಲ್ ತಾಯಿ ಮರದ ಹಾಗೆ ಇರುವುದಿಲ್ಲ, ಕಾಯಿಗೂ ವರ್ಷಗಟ್ಟಲೆ ಕಾಯಬೇಕು. ಅವತ್ತು ನಿಜಕ್ಕೂ ಅತ್ತಿದ್ದೆ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: ದುಡ್ಡು ಕೊಡುವ ಮುಂಚೆ ಬುಡದಿಂದ ಅರ್ಧ ಅಡಿ ಮೇಲೆ ಕಸಿ ಗಂಟು ಕೈಗೆ ಸಿಗಬೇಕು. ನೆಡುವಾಗಲೂ ಆ ಗಂಟು ಮಣ್ಣಿನ ಮೇಲೇ ಇರಬೇಕು.

2019ರ ಜನವರಿಯಲ್ಲಿ ತಮ್ಮನೇ ಎರಡು ಗಿಡ ತರಿಸಿಕೊಟ್ಟ. ಒಂದು ಅನ್ನಾ, ಇನ್ನೊಂದು ಡಾರ್ಸೆಟ್ ಗೋಲ್ಡನ್. ಅನ್ನಾ ಇಸ್ರೇಲಿನಲ್ಲಿ ಬೆಳೆಸಿದ ತಳಿ. ಡಾರ್ಸೆಟ್ ಬಹಾಮಾಸ್ ದ್ವೀಪದ್ದು, ಅಲ್ಲಿ ಚಳಿ ಅನ್ನುವುದೇ ಅಪರೂಪ. ಎರಡಕ್ಕೂ ಕಮ್ಮಿ ಚಳಿ ಸಾಕು. ಎರಡು ಯಾಕೆ ಅಂದರೆ, ಆಪಲ್ ಹೂವಿಗೆ ಬೇರೆ ತಳಿಯ ಪರಾಗ ಬಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಇವೆರಡೂ ಒಟ್ಟಿಗೆ ಹೂವು ಬಿಡುವ ಜೋಡಿ. ಎರಡೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದೆವು. ಗಿಡಗಳ ನಡುವೆ 10 ಅಡಿ ಬಿಟ್ಟೆವು. ಪಾತ್ರೆ ತೊಳೆದ ನೀರು ಹರಿಯುವ ಕಡೆ ಮಾತ್ರ ಬೇಡ ಅಂತ ನಾನು ಹಟ ಹಿಡಿದೆ. ಬುಡದಲ್ಲಿ ನೀರು ನಿಂತರೆ ಆಪಲ್ ಬೇರು ಕೊಳೆತುಹೋಗುತ್ತದೆ.

ಮೂರನೇ ವರ್ಷ 11 ಹಣ್ಣು ಬಂತು. ಖುಷಿಯೇ. ಆದರೆ ಮರ ತುಂಬಾ ಎಲೆ, ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ಆಮೇಲೆ ತಮ್ಮ ಜಾವಾ ದ್ವೀಪದ ವಿಷಯ ಓದಿ ಹೇಳಿದ. ಇಂಡೋನೇಷ್ಯಾದ ಮಲಾಂಗ್ ಹತ್ತಿರ ಬಾತು ಅನ್ನುವ ಬೆಟ್ಟದೂರಿದೆ. ಅಲ್ಲಿ ಚಳಿಗಾಲವೇ ಇಲ್ಲ. ಆದರೂ ವರ್ಷಕ್ಕೆ ಎರಡು ಬೆಳೆ ಆಪಲ್ ತೆಗೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಜನ ಕೈಯಲ್ಲೇ ಎಲೆ ಕೀಳುತ್ತಾರೆ, ಕೊಂಬೆ ಬಗ್ಗಿಸಿ ಕಟ್ಟುತ್ತಾರೆ. ಅಲ್ಲಿ ಬೆಳೆಯುವ ಒಂದು ತಳಿ ನಮ್ಮ ಮಾವ ಹೇಳುತ್ತಿದ್ದ ಅದೇ ರೋಮ್ ಬ್ಯೂಟಿ! ಅದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಹಿಂಗಾರು ಮಳೆ ನಿಂತ ಮೇಲೆ, ಡಿಸೆಂಬರ್ ಮೊದಲ ವಾರದಿಂದ ನೀರು ನಿಲ್ಲಿಸುತ್ತೇನೆ. ಮೂರು ವಾರ ಹನಿಯೂ ಇಲ್ಲ. ಎಲೆ ದಪ್ಪಗಾಗಿ, ಬಣ್ಣ ಕಳೆದುಕೊಳ್ಳುತ್ತದೆ. ಡಿಸೆಂಬರ್ ಕೊನೆಗೆ ಒಳಗೆ ನುಗ್ಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ನೇರ ಆಕಾಶಕ್ಕೆ ಹೋದ ಕಡ್ಡಿ ಕತ್ತರಿಸುತ್ತೇನೆ. ಗಿಡ್ಡ ಗಿಡ್ಡ, ಗಂಟುಗಂಟಾದ ಕಡ್ಡಿಗಳನ್ನು ಮುಟ್ಟುವುದಿಲ್ಲ. ಹೂವು ಬರುವುದೇ ಅವುಗಳಲ್ಲಿ, ಒಂದೇ ಕಡ್ಡಿ ಎಷ್ಟೋ ವರ್ಷ ಕಾಯಿ ಕೊಡುತ್ತದೆ. ಮೊದಲ ಸಲ ಗೊತ್ತಿಲ್ಲದೆ ಅವನ್ನೂ ತೆಗೆದಿದ್ದೆ.

ಆಮೇಲೆ ಎಲೆ. ಜಗ್ಗಿ ಎಳೆಯಬಾರದು, ಎಲೆ ಬುಡದ ಮೊಗ್ಗೇ ಕಿತ್ತುಬರುತ್ತದೆ. ನಾನು ಸಣ್ಣ ಕತ್ತರಿಯಲ್ಲಿ ಎಲೆ ಕತ್ತರಿಸಿ ತೊಟ್ಟು ಬಿಡುತ್ತೇನೆ, ತೊಟ್ಟು ತಾನಾಗಿ ಉದುರುತ್ತದೆ. ಎರಡು ಮರಕ್ಕೆ ನನಗೆ ಎರಡು ದಿನ ಬೇಕು. ಕಡ್ಡಿ ಕತ್ತರಿಸಿದ ಜಾಗಕ್ಕೆ ಬೋರ್ಡೋ ಪೇಸ್ಟ್, ಅಂದರೆ ಶಿಲೀಂಧ್ರ ತಡೆಯುವ ಮದ್ದು. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಬೆರೆಸಬೇಕು, ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ನೆಟ್ಟಗೆ ನಿಂತ ಕೊಂಬೆಗಳಿಗೆ ಕಲ್ಲು ಕಟ್ಟಿ ಮಲಗಿಸುವುದು. ಕೊಂಬೆ ಮಲಗಿದಷ್ಟೂ ಅದರುದ್ದಕ್ಕೂ ಕಣ್ಣು ಒಡೆಯುತ್ತದೆ. ಇದೆಲ್ಲ ಮುಗಿಸಿ ಗೊಬ್ಬರ ಹಾಕಿ, ಪಾತಿ ತುಂಬಾ ನೀರು ಬಿಡುತ್ತೇನೆ. ಎರಡು ಮೂರು ವಾರಕ್ಕೆ ಮೊಗ್ಗು ಊದುತ್ತವೆ. ಫೆಬ್ರವರಿಯಲ್ಲಿ ಎಳೇ ಗುಲಾಬಿ ಬಣ್ಣದ ಮೊಗ್ಗು, ಬಿಳಿ ಹೂವು. ಮೊದಲ ಸಲ ಹಾಗೆ ಅರಳಿದಾಗ ಅತ್ತೆ ಊರುಗೋಲು ಹಿಡಿದು ಬಂದು ಮರದ ಕೆಳಗೆ ತುಂಬಾ ಹೊತ್ತು ನಿಂತಿದ್ದರು.

ಆಪಲ್ ಮರದ ಲಾಭ ಏನು ಅಂದರೆ ಎಲ್ಲರೂ ಹಣ್ಣು ಅನ್ನುತ್ತಾರೆ. ನನ್ನ ಅನುಭವದಲ್ಲಿ ಮೊದಲ ಲಾಭ ಕಾಯಿ. ಒಂದೊಂದು ಗೊಂಚಲಲ್ಲಿ ನಾಲ್ಕೈದು ಕಾಯಿ ಕಟ್ಟುತ್ತವೆ. ಎಲ್ಲವನ್ನೂ ಬಿಟ್ಟರೆ ಹಣ್ಣು ಸಣ್ಣದಾಗುತ್ತದೆ, ಕೊಂಬೆ ಮುರಿಯುತ್ತದೆ, ಮುಂದಿನ ವರ್ಷ ಮರ ಸುಸ್ತಾಗಿ ಹೂವೇ ಬಿಡುವುದಿಲ್ಲ. ಅದಕ್ಕೆ ಮಾರ್ಚ್‌ನಲ್ಲಿ ಗೊಂಚಲಿಗೆ ಒಂದು, ಹೆಚ್ಚೆಂದರೆ ಎರಡು ಬಿಟ್ಟು ಉಳಿದವನ್ನು ತೆಗೆಯುತ್ತೇನೆ. ಮೊದಲ ವರ್ಷ ಕೈ ನಡುಗಿತ್ತು. ಬುಟ್ಟಿ ತುಂಬಾ ನಿಂಬೆ ಗಾತ್ರದ ಹಸಿರು ಕಾಯಿ, ಎಸೆಯಲು ಮನಸ್ಸೇ ಬರಲಿಲ್ಲ. ಅತ್ತೆ ಒಂದನ್ನು ನೆಕ್ಕಿ ನೋಡಿ, "ಮಾವಿನಕಾಯಿ ಹಂಗೇ ಹುಳಿ ಅದೆ ಕಣಮ್ಮಾ, ತುರಿದುಬಿಡು" ಅಂದರು. ಆ ಯುಗಾದಿಗೆ ನಮ್ಮ ಮನೆಯಲ್ಲಿ ಆಪಲ್ ಕಾಯಿ ಚಿತ್ರಾನ್ನ. ಮಾವಿಗೆ ಹೆಸರಾದ ಕೃಷ್ಣಗಿರಿ ಜಿಲ್ಲೆಯಲ್ಲಿ ಕೂತು!

ಅವತ್ತಿನಿಂದ ಅದು ರೂಢಿಯಾಗಿದೆ. ಉಪ್ಪಿನಕಾಯಿಯನ್ನೂ ಹಾಕುತ್ತೇನೆ: ಬೀಜದ ಭಾಗ ತೆಗೆದು ಹೆಚ್ಚಿ, ಉಪ್ಪು, ಖಾರದ ಪುಡಿ, ಸಾಸಿವೆ ಮೆಂತ್ಯದ ಪುಡಿ, ಎಳ್ಳೆಣ್ಣೆ ಒಗ್ಗರಣೆ. ಇದು ವರ್ಷಗಟ್ಟಲೆ ಇಡುವ ಉಪ್ಪಿನಕಾಯಿ ಅಲ್ಲ, ಹದಿನೈದು ದಿನದಲ್ಲಿ ತಿಂದು ಮುಗಿಸಬೇಕು. ರಾಗಿ ಮುದ್ದೆಗೆ ಇದರ ಗೊಜ್ಜು ಬಹಳ ಚೆನ್ನ. ಇನ್ನೊಂದು ಉಪಯೋಗ ಪಕ್ಕದ ಮನೆಯ ಅಕ್ಕನಿಂದ ಕಲಿತದ್ದು. ಟೊಮೆಟೊ ರೇಟು ಬಿದ್ದಾಗ ನಾವೆಲ್ಲ ತೊಕ್ಕು, ಜಾಮ್ ಮಾಡುತ್ತೇವೆ. ಅದಕ್ಕೆ ನಾಲ್ಕು ಹಸಿರು ಆಪಲ್ ಸಿಪ್ಪೆ ಸಮೇತ ಬೇಯಿಸಿ ಸೇರಿಸಿದರೆ ಜಾಮ್ ತಾನಾಗಿ ಗಟ್ಟಿಯಾಗುತ್ತದೆ. ಬಲಿಯದ ಆಪಲ್‌ನಲ್ಲಿ ಪೆಕ್ಟಿನ್ ಜಾಸ್ತಿ, ಅದೇ ಕಾರಣ.

ಹಣ್ಣಿನ ವಿಷಯಕ್ಕೆ ಬರುತ್ತೇನೆ. ಮೇ ಕೊನೆ, ಜೂನ್ ಮೊದಲ ವಾರ ಕೊಯ್ಲು. ಕಾಶ್ಮೀರ, ಹಿಮಾಚಲದ ಹೊಸ ಬೆಳೆ ಆಗ ಇನ್ನೂ ಮರದಲ್ಲೇ ಇರುತ್ತದೆ. ಅಂಗಡಿಯಲ್ಲಿ ಸಿಗುವುದು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು, ಇಲ್ಲವೇ ಹೊರದೇಶದ್ದು. ಆ ಹೊತ್ತಿಗೆ ನಮ್ಮ ಮೊಮ್ಮಗ ಬೆಳಿಗ್ಗೆ ಎದ್ದು ಹಿತ್ತಲಿಗೆ ಓಡಿ, ಅಂಗಿಗೆ ಒರೆಸಿ ಕಚ್ಚುತ್ತಾನೆ. ಮೇಣ ಇಲ್ಲ, ವಿಷದ ಔಷಧಿ ಇಲ್ಲ. ಹಲ್ಲಿಲ್ಲದ ಅತ್ತೆಗೆ ಬೇಯಿಸಿ, ಏಲಕ್ಕಿ ಹಾಕಿ ಹಿಸುಕಿ ಕೊಡುತ್ತೇನೆ. ಹೋದ ಸಲ ಎರಡೂ ಮರದಿಂದ 18 ಕೆಜಿ ಬಂತು.

ಅಂಗಡಿಯ ಕೆಂಪು ಮಾತ್ರ ನಿರೀಕ್ಷಿಸಬೇಡಿ. ಆ ಬಣ್ಣಕ್ಕೆ ತಣ್ಣನೆ ರಾತ್ರಿ ಬೇಕು. ನಮ್ಮ ಅನ್ನಾ ಹಳದಿ ಹಸಿರಿನ ಮೇಲೆ ಕೆಂಪು ಬಳಿದ ಹಾಗೆ, ಡಾರ್ಸೆಟ್ ಬರೀ ಹಳದಿ, ಬಿಸಿಲು ಬಿದ್ದ ಕಡೆ ಗುಲಾಬಿ. ಬೇಗ ಮೆತ್ತಗಾಗುತ್ತವೆ, ಹೊರಗಿಟ್ಟರೆ ವಾರ ಬಾಳುತ್ತವೆ. ಮಾರಾಟಕ್ಕೆ ಇದು ಆಗುವ ಮಾತಲ್ಲ ಅಂತ ನನ್ನ ಅಭಿಪ್ರಾಯ. ಮನೆಗೆ, ನೆಂಟರಿಗೆ, ಪಕ್ಕದವರಿಗೆ ಬೆಳೆಯುವ ಮರ ಇದು.

ಮರ ಬೋಳಾಗಿರುವ ಆ ಐದಾರು ವಾರವೂ ವ್ಯರ್ಥವಲ್ಲ. ಬಿಸಿಲು ನೆಲಕ್ಕೆ ಬೀಳುತ್ತದೆ. ಪಾತಿಯ ಅಂಚಿನಲ್ಲಿ ಮೆಂತ್ಯ, ಕೊತ್ತಂಬರಿ ಚೆಲ್ಲುತ್ತೇನೆ, ಎಲೆ ತುಂಬುವಷ್ಟರಲ್ಲಿ ಸೊಪ್ಪು ಕಿತ್ತಾಗಿರುತ್ತದೆ. ಹೂವಿಗೆ ತುಡುವೆ ಜೇನು ಬರುತ್ತದೆ. ಬಂದ ಜೇನು ಪಕ್ಕದ ಕುಂಬಳ, ಹೀರೆ ಹೂವಿಗೂ ಹೋಗುತ್ತದೆ. ಕತ್ತರಿಸಿದ ಎಲೆ ಗೊಬ್ಬರದ ಗುಂಡಿಗೆ.

ಕಷ್ಟವೂ ಇದೆ. ಎರಡು ವರ್ಷದ ಹಿಂದೆ ಡಾರ್ಸೆಟ್ ಬುಡದಲ್ಲಿ ಮರದ ಹೊಟ್ಟು ಉದುರಿತ್ತು. ನೋಡಿದರೆ ಕಾಂಡ ಕೊರೆಯುವ ಹುಳು. ತಂತಿ ತೂರಿಸಿ ಹುಳು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ತೂತಿಗೆ ಹಸಿ ಮಣ್ಣು ಮೆತ್ತಿದೆವು. ಒಂದು ಕೊಂಬೆ ಹೋಯಿತು, ಮರ ಉಳಿಯಿತು. ಹತ್ತಿ ಅಂಟಿಸಿದ ಹಾಗೆ ಬಿಳಿ ಹೇನು ಬಂದರೆ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತೇನೆ, ಆಮೇಲೆ ಬೇವಿನ ಎಣ್ಣೆ. ಹಣ್ಣು ಬಣ್ಣ ತಿರುಗುವಾಗ ಪಿಕಳಾರ, ಗಿಳಿ ಬರುತ್ತವೆ. ಹಳೇ ಸೊಳ್ಳೆ ಪರದೆ ಹರಿದು ಚೀಲ ಹೊಲಿದು ಗೊಂಚಲಿಗೆ ಕಟ್ಟುತ್ತೇನೆ. ಮೇಲಿನ ಕೊಂಬೆಯ ಹಣ್ಣು ಅವಕ್ಕೇ ಬಿಟ್ಟಿದ್ದೇನೆ. ಕೋತಿಗೆ ಮಾತ್ರ ನಮ್ಮ ನಾಯಿಯೇ ಗತಿ.

ಪಕ್ಕದ ಮನೆಯ ಅಕ್ಕನಿಗೆ ಈಗ ಒಂದೇ ಗಿಡಕ್ಕೆ ಜಾಗ ಇದೆ. ಅವರಿಗೆ ಎಚ್‌ಆರ್‌ಎಂಎನ್ 99 ಹೇಳಿದ್ದೇನೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ತಮ್ಮ ಬಿಸಿಲೂರಿನಲ್ಲೇ ಆರಿಸಿ ಬೆಳೆಸಿದ ತಳಿ ಅದು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದಕ್ಕೆ ಜೋಡಿ ಮರ ಇಲ್ಲದಿದ್ದರೂ ಕಾಯಿ ಕಟ್ಟುತ್ತದೆ ಅನ್ನುತ್ತಾರೆ. ಹೇಗೂ ನಡುವೆ ಇರುವುದು ಒಂದು ಬೇಲಿ, ನಮ್ಮ ಹೂವಿನ ಜೇನು ಅಲ್ಲಿಗೂ ಹೋಗುತ್ತದೆ. ಗುಂಡಿ ತೆಗೆದಾಗಿದೆ, ಬಿಸಿಲಿಗೆ ಒಣಗುತ್ತಿದೆ. ಗಿಡ ಬಂದ ದಿನ ಕಸಿ ಗಂಟು ನೋಡಲು ನನ್ನನ್ನೇ ಕರೆಯುತ್ತಾರಂತೆ.