ಹಳ್ಳ ಯಾಕೆ ನಾರುತ್ತೆ? ಪರಿಸರ ವಿಜ್ಞಾನ ಓದಲು ಹೊರಟ ನನ್ನ ಅನುಭವ

ಮೂಡಿಗೆರೆ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ರೊಬಸ್ಟಾ, ನಡುವೆ ಮೆಣಸಿನ ಬಳ್ಳಿ. ಮನೆ ಹಿಂದೆ ಒಂದು ಹಳ್ಳ. ಮಳೆಗಾಲದಲ್ಲಿ ಅದರ ಸದ್ದಿಗೆ ಒಳಗೆ ಆಡಿದ ಮಾತು ಕೇಳುವುದಿಲ್ಲ. ಡಿಸೆಂಬರ್ ಬಂತೆಂದರೆ ಅದೇ ಹಳ್ಳ ನಾರುತ್ತಿತ್ತು. ಮೇಲಿನ ದೊಡ್ಡ ತೋಟದಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡತೊಡಗಿದರೆ ನಾಲ್ಕೇ ದಿನಕ್ಕೆ ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹುಳಿಬಂದ ಹೆಂಡದಂಥ ವಾಸನೆ. ಏಡಿಗಳು ನೀರು ಬಿಟ್ಟು ದಡದ ಕಲ್ಲಿನ ಮೇಲೆ ಬಂದು ಕೂರುತ್ತಿದ್ದವು. ನಮ್ಮ ಎಮ್ಮೆ ಮೂಸಿ ನೋಡಿ, ಬಾಯಿ ಹಾಕದೆ ವಾಪಸ್ ಬರುತ್ತಿತ್ತು.

"ಪಲ್ಪಿಂಗ್ ನೀರು ಕಣೆ, ಪ್ರತಿ ವರ್ಷ ಇದ್ದಿದ್ದೇ" ಎನ್ನುತ್ತಿದ್ದರು ಅಪ್ಪ. ಆದರೆ ಪಲ್ಪಿಂಗ್ ನೀರಲ್ಲಿ ಇರುವುದು ಹಣ್ಣಿನ ಸಿಹಿ ಲೋಳೆ ತಾನೆ? ಅದು ಔಷಧಿ ಹೊಡೆದ ನೀರಲ್ಲ, ವಿಷವೂ ಅಲ್ಲ. ಹಾಗಾದರೆ ಏಡಿ ಯಾಕೆ ಮೇಲೆ ಬರುತ್ತೆ? ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಬಿಒಡಿ ಎನ್ನುವ ಪದ ಸಿಕ್ಕಿತು. ಕೊಳೆಯುವ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಲ್ಲಿರುವ ಆಮ್ಲಜನಕವನ್ನು ಎಷ್ಟು ಬಳಸುತ್ತವೆ ಎಂಬ ಲೆಕ್ಕ ಅದು. ಸಕ್ಕರೆ ಜಾಸ್ತಿ ಇದ್ದಷ್ಟೂ ಉಣ್ಣುವ ಜೀವಿ ಜಾಸ್ತಿ, ಏಡಿಗೆ ಉಸಿರು ಕಮ್ಮಿ. ಓದಿದ ದಿನ ಸಂಜೆ ಹಳ್ಳದ ಹತ್ತಿರ ಹೋಗಿ ತುಂಬ ಹೊತ್ತು ನಿಂತಿದ್ದೆ. ಓದಿದರೆ ಇದನ್ನೇ ಓದಬೇಕು ಎಂದು ಆಗಲೇ ಅನ್ನಿಸಿದ್ದು.

2014ರಲ್ಲಿ ಪಿಯುಸಿ ಮುಗಿಯಿತು. ಪಿಸಿಎಂಬಿ. ಮೊದಲ ಯೋಚನೆ ಅರಣ್ಯಶಾಸ್ತ್ರದ್ದು. ಶಿರಸಿಯಲ್ಲಿ, ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ನಾಲ್ಕು ವರ್ಷದ ಬಿ.ಎಸ್ಸಿ., ಸಿಇಟಿ ಮೂಲಕ ಸೀಟು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ನಾನು ಕೊಡಲಿಲ್ಲ. ಸಿಇಟಿ ಪುಸ್ತಿಕೆಯನ್ನು ಪೂರ್ತಿ ಓದಿರಲಿಲ್ಲ, ಅಪ್ಪ ತಾಲ್ಲೂಕು ಕಚೇರಿಗೆ ಹೋಗುವಷ್ಟರಲ್ಲಿ ದಿನಾಂಕ ದಾಟಿತ್ತು. ಸಾಮಾನ್ಯ ಲೆಕ್ಕದಲ್ಲಿ ನನ್ನ ರ‍್ಯಾಂಕಿಗೆ ಸೀಟು ಬರಲಿಲ್ಲ. ಎರಡು ವಾರ ಅಳುತ್ತಲೇ ಇದ್ದೆ. ತೋಟ ಇರುವ ಮನೆಯ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಪರೀಕ್ಷೆಗೂ ಮೊದಲೇ ಆ ಪತ್ರ ಮಾಡಿಸಿ ಇಟ್ಟುಕೊಳ್ಳಿ ಎಂದು ಕೈಮುಗಿದು ಹೇಳುತ್ತೇನೆ.

ಆಮೇಲೆ ಪರಿಸರ ವಿಜ್ಞಾನದ ವಿಷಯ ಮನೆಯಲ್ಲಿ ಎತ್ತಿದೆ. ಮಾವ ಬಂದಿದ್ದರು. "ಎನ್ವಿರಾನ್‌ಮೆಂಟ್ ಅಂದ್ರೆ ಗಿಡ ನೆಡೋದಲ್ವೇನೇ? ಅದಕ್ಕೂ ಡಿಗ್ರಿ ಬೇಕಾ ಮಾರಾಯ್ತಿ?" ಎಂದರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಶಾಲೆಯಲ್ಲಿ ಜೂನ್ 5ಕ್ಕೆ ನಾವು ಮಾಡುತ್ತಿದ್ದದ್ದು ಅದನ್ನೇ. ಡಿಗ್ರಿಗೆ ಹೋದ ಎಲ್ಲರೂ, ಬಿ.ಕಾಂ. ಓದುವವರೂ, ಪರಿಸರ ಅಧ್ಯಯನ ಅಂತ ಒಂದು ಕಡ್ಡಾಯ ಪೇಪರ್ ಬರೆದಿರುತ್ತಾರೆ. ಪರಿಸರ ಶಿಕ್ಷಣ ಎಲ್ಲರಿಗೂ ಕಡ್ಡಾಯವಾಗಬೇಕು ಎಂದು ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ ಮೇಲೆ ಬಂದ ಪೇಪರ್ ಅದು. ಪಾಸಾದರೆ ಸಾಕು ಎಂದು ಓದುತ್ತಾರೆ, ಮರೆಯುತ್ತಾರೆ. ಹಾಗಾಗಿ ಪರಿಸರ ವಿಜ್ಞಾನ ಎಂದ ಕೂಡಲೇ ಎಲ್ಲರಿಗೂ ಆ ತೆಳ್ಳನೆ ಪುಸ್ತಕವೇ ಕಣ್ಣಿಗೆ ಬರುತ್ತದೆ.

ನನಗೂ ಗೊಂದಲ ಇತ್ತು. ಬಿ.ಎಸ್ಸಿ. ಪರಿಸರ ವಿಜ್ಞಾನ, ಬಿ.ಎ. ಮಟ್ಟದ ಪರಿಸರ ಅಧ್ಯಯನ, ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್, ಅರಣ್ಯಶಾಸ್ತ್ರ. ಹೆಸರು ಹತ್ತಿರ ಹತ್ತಿರ, ಒಳಗೆ ಬೇರೆ ಬೇರೆ. ವಿಜ್ಞಾನದ ಡಿಗ್ರಿಯಲ್ಲಿ ನೀರು, ಮಣ್ಣು, ಗಾಳಿಯನ್ನು ಅಳೆಯುವುದು ಕಲಿಸುತ್ತಾರೆ. ಅಧ್ಯಯನದ ಕಡೆ ಹೋದರೆ ಕಾನೂನು, ಅರ್ಥಶಾಸ್ತ್ರ, ಸಮಾಜ ಜಾಸ್ತಿ. ಕಾಡಿನ ಅಂಚಿನವರ ಹಕ್ಕು, ಆನೆ ಹಾವಳಿಯ ಪರಿಹಾರ ಇಂಥದ್ದರಲ್ಲಿ ಮನಸ್ಸಿರುವವರಿಗೆ ಅದೇ ಸರಿ. ಆಲೂರು, ಸಕಲೇಶಪುರದ ಕಡೆ ಆನೆ ಸಮಸ್ಯೆ ನೋಡಿದರೆ ಅಂಥವರು ಎಷ್ಟು ಬೇಕು ಎಂದು ಗೊತ್ತಾಗುತ್ತದೆ. ಎಂಜಿನಿಯರಿಂಗ್ ಓದಿದವರು ಕೊಳಚೆ ನೀರು ಶುದ್ಧ ಮಾಡುವ ಘಟಕ ಕಟ್ಟುತ್ತಾರೆ. ನನಗೆ ಬೇಕಿದ್ದದ್ದು ಅಳೆಯುವ ವಿದ್ಯೆ.

ಇಲ್ಲಿ ನಾನು ಮಾಡಿದ ಒಂದು ಕೆಲಸ ಹೇಳಬೇಕು. ಇಡೀ ಓದನ್ನು ಉಳಿಸಿದ್ದು ಅದೇ. ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್‌ನಲ್ಲಿ ಕೂತು ಎರಡು ಕಟ್ಟು ಪ್ರಿಂಟ್ ತೆಗೆಸಿದೆ. ಒಂದು, ಮೂರ‍್ನಾಲ್ಕು ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಸಿಲಬಸ್. ಇನ್ನೊಂದು, ಹಿಂದಿನ ವರ್ಷಗಳ ಕೆಲಸದ ನೋಟಿಫಿಕೇಶನ್‌ಗಳು. ಮನೆಗೆ ಬಂದು ಚಾಪೆ ಮೇಲೆ ಹರಡಿ, ಪ್ರತಿ ನೋಟಿಫಿಕೇಶನ್‌ನಲ್ಲಿ ವಿದ್ಯಾರ್ಹತೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದೆ. ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಯ ಹಾಳೆ ನೋಡಿ ಎದೆ ಧಸಕ್ಕೆಂದಿತು. ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಆಗಿರಬೇಕು. ಪರಿಸರ ವಿಜ್ಞಾನ ಎಂಬ ಹೆಸರು ಆ ಪಟ್ಟಿಯಲ್ಲೇ ಇಲ್ಲ! ನೀರು ಪರೀಕ್ಷೆ ಮಾಡುವ ಲ್ಯಾಬ್‌ಗಳ ಜಾಹೀರಾತು ನೋಡಿದರೆ, ಹೆಚ್ಚಿನವು ಕೇಳಿದ್ದು ರಸಾಯನಶಾಸ್ತ್ರ. ಮಾಲಿನ್ಯ ನಿಯಂತ್ರಣ ಮಂಡಳಿಯಂಥ ಕಡೆ ಎಂ.ಎಸ್ಸಿ. ಅಥವಾ ಎಂಜಿನಿಯರಿಂಗ್.

ಅಂದರೆ ಪರಿಸರ ವಿಜ್ಞಾನದ ಜೊತೆಗೆ ಯಾವ ವಿಷಯ ಕೂರುತ್ತದೆ ಎನ್ನುವುದು ಡಿಗ್ರಿಯ ಹೆಸರಿಗಿಂತ ಮುಖ್ಯ ಎಂದಾಯಿತು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ಮೂರೂ ಇರುವ ಕಾಂಬಿನೇಶನ್ ಹುಡುಕಿದೆ. ಊರಿನ ಹತ್ತಿರ ಸಿಗಲಿಲ್ಲ, ಮೈಸೂರಿನ ಒಂದು ಕಾಲೇಜಿನಲ್ಲಿ ಸಿಕ್ಕಿತು. ಅಪ್ಪನ ಮುಂದೆ ಆ ಎರಡು ಕಟ್ಟನ್ನೂ ಇಟ್ಟೆ. ಅವರು ಇಂಗ್ಲಿಷ್ ಓದುವುದಿಲ್ಲ. ಕೆಂಪು ಗೆರೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಕೊನೆಗೆ "ಕೆಮಿಸ್ಟ್ರಿ ಇದೆ ಅಲ್ವಾ, ಹಾಗಾದ್ರೆ ಹೋಗು" ಎಂದರು. ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದೆ, ಸೀಟು ಬಂತು. ಇಲ್ಲದಿದ್ದರೆ ಮೂರು ಎಕರೆಯ ಆದಾಯದಲ್ಲಿ ಮೈಸೂರು ಆಗುತ್ತಿರಲಿಲ್ಲ.

ಮೊದಲ ವರ್ಷ ಬರೀ ಓದು. ಎರಡನೇ ವರ್ಷ ಲ್ಯಾಬ್‌ನಲ್ಲಿ ವಿಂಕ್ಲರ್ ವಿಧಾನ ಕಲಿಸಿದರು. ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ಹಳೆಯ ಪದ್ಧತಿ. 300 ಮಿಲಿಲೀಟರ್‌ನ ಗಾಜಿನ ಬಾಟಲಿ, ಬಿರಡೆ ಓರೆಯಾಗಿ ಕೊರೆದದ್ದು. ಅದನ್ನು ನೀರೊಳಗೇ ಮುಳುಗಿಸಿ ಒಂದು ಗುಳ್ಳೆಯೂ ಒಳಗೆ ಉಳಿಯದಂತೆ ತುಂಬಬೇಕು. ಗುಳ್ಳೆ ಉಳಿದರೆ ಲೆಕ್ಕ ತಪ್ಪಿತು. ಪಿಪೆಟ್ಟಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟು 2 ಮಿಲಿ ಮ್ಯಾಂಗನೀಸ್ ಸಲ್ಫೇಟ್, 2 ಮಿಲಿ ಕ್ಷಾರ ಬೆರೆತ ಅಯೋಡೈಡ್ ಬಿಡಬೇಕು. ಬಿರಡೆ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗೆ ಮೋಡದಂತೆ ಗಸಿ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು. ಇಲ್ಲದಿದ್ದರೆ ಬಿಳಿ. ಆಮೇಲೆ ಆ ಗಸಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಥಯೋಸಲ್ಫೇಟ್ ಹನಿಸುತ್ತಾ ಹೋಗಬೇಕು. ಪಿಷ್ಟ ಹಾಕಿದ ನೀಲಿ ಬಣ್ಣ ಒಂದೇ ಹನಿಗೆ ಮಾಯವಾಗುವ ಆ ಕ್ಷಣ ಇದೆಯಲ್ಲ, ಅದನ್ನು ಇವತ್ತಿಗೂ ಉಸಿರು ಹಿಡಿದೇ ನೋಡುತ್ತೇನೆ.

ಆ ಡಿಸೆಂಬರ್‌ಗೆ ಮೇಡಂ ಹತ್ತಿರ ಅನುಮತಿ ಕೇಳಿ ನಾಲ್ಕು ಬಾಟಲಿ, ಎರಡು ದ್ರಾವಣ ಕಟ್ಟಿಕೊಂಡು ಊರಿಗೆ ಹೊರಟೆ. ಥರ್ಮಾಕೋಲ್ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಹಾಸನ, ಬೇಲೂರು ದಾಟಿ ಬಂದೆ. ಮಾರನೆ ದಿನ ಬೆಳಿಗ್ಗೆ ಮೊದಲು ಮೇಲಿನ ತೋಟಕ್ಕಿಂತಲೂ ಮೇಲೆ, ಕಾಡಿನಿಂದ ಹಳ್ಳ ಇಳಿಯುವ ಜಾಗಕ್ಕೆ ಹೋದೆ. ಗಸಿ ಗಟ್ಟಿ ಕಂದು, ಬೆಲ್ಲದ ಪಾಕದ ಬಣ್ಣ. ಆಮೇಲೆ ನಮ್ಮ ಮನೆ ಹಿಂದೆ. ಬಾಟಲಿ ಅಲ್ಲಾಡಿಸಿ ಬೆಳಕಿಗೆ ಹಿಡಿದೆ. ಬಿಳಿ. ಹಾಲಿನಂಥ ಬಿಳಿ. ಇನ್ನೊಮ್ಮೆ ತುಂಬಿದೆ, ಮತ್ತೆ ಬಿಳಿ. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಏನಂತೆ?" ಎಂದರು. "ಉಸಿರಿಲ್ಲ ಅಪ್ಪ" ಎಂದೆ. ಕಂದು ಬಾಟಲಿಯನ್ನು ಕತ್ತಲಲ್ಲಿಟ್ಟು ಮೈಸೂರಿಗೆ ಒಯ್ದು ಅಳೆದಾಗ ಲೀಟರಿಗೆ 7.6 ಮಿಲಿಗ್ರಾಂ ಬಂತು. ನಮ್ಮ ಹಿತ್ತಿಲಲ್ಲಿ ಸೊನ್ನೆ. ಒಂದೇ ಹಳ್ಳ, ಒಂದೇ ಬೆಳಿಗ್ಗೆ.

ಈ ಡಿಗ್ರಿಗೆ ಬರುವವರಿಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ ಎಂದು ನಾನು ನಂಬಿದ್ದೇನೆ. ಕುದುರೆಮುಖವನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟ್ ಆದೇಶದಂತೆ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗಣಿಯ ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇನ್ನೂ ಅಲ್ಲೇ ಇದೆ. ಅಲ್ಲೇ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತಾರೆ. ಭೂವಿಜ್ಞಾನ, ಜಲ, ಬೆಟ್ಟದ ಕಣಿವೆಗಳ ಶೋಲಾ ಕಾಡು, ಕಾನೂನು ಎಲ್ಲ ಪೇಪರ್‌ಗಳೂ ಆ ಒಂದೇ ಬೆಟ್ಟದಲ್ಲಿವೆ. ಅಲ್ಲಿಂದ ಕಡೂರು ಕಡೆ ಬಂದರೆ ಬಾಸೂರು ಅಮೃತಮಹಲ್ ಕಾವಲಿನ ಹುಲ್ಲುಗಾವಲು, ಕೃಷ್ಣಮೃಗ. ಒಂದೇ ಜಿಲ್ಲೆಯೊಳಗೆ ಮಳೆಕಾಡು, ಬಯಲುಸೀಮೆ ಎರಡೂ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದಾಗ ನಾನು ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಮಣ್ಣಿನ ಪೇಪರ್‌ನಲ್ಲಿ ಓದಿದ ಇಳಿಜಾರು, ನೀರು ಹೀರುವಿಕೆ ಎಲ್ಲ ಕಣ್ಣೆದುರು ಕೆಸರಾಗಿ ಹರಿಯುತ್ತಿತ್ತು. ಗೊತ್ತಿರುವ ಮನೆಗಳ ಮೇಲೆ.

ಎಂ.ಎಸ್ಸಿ.ಯನ್ನು ನಾನು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಮಾಡಿದೆ. ಭದ್ರಾ ಅಣೆಕಟ್ಟು ಪಕ್ಕದಲ್ಲೇ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಪರಿಸರ ವಿಜ್ಞಾನ ವಿಭಾಗ ಇದೆ. ಬರೀ ಬಿ.ಎಸ್ಸಿ.ಗೆ ನಿಂತರೆ ಈ ವಿಷಯದಲ್ಲಿ ಒಳ್ಳೆಯ ಕೆಲಸ ಸಿಗುವುದು ಕಷ್ಟ, ಐದು ವರ್ಷದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಮನೆಯವರಿಗೂ ಇದನ್ನು ಮುಚ್ಚಿಡದೆ ಹೇಳಬೇಕು.

ನಾನು ತಡವಾಗಿ ಕಲಿತದ್ದು ಎರಡು. ಸಂಖ್ಯಾಶಾಸ್ತ್ರಕ್ಕೆ ಹೆದರಿ ದೂರ ಇದ್ದೆ. ಎಂ.ಎಸ್ಸಿ.ಯಲ್ಲಿ ಪ್ರಾಜೆಕ್ಟ್ ಬರೆಯುವಾಗ ಅದೇ ಅಡ್ಡ ಬಂತು. ಕಂಪ್ಯೂಟರಿನಲ್ಲಿ ಜಿಐಎಸ್ ನಕ್ಷೆ ಮಾಡುವುದನ್ನು ಡಿಗ್ರಿಯಲ್ಲೇ ಕಲಿಯಬಹುದಿತ್ತು. ಕ್ಯುಜಿಐಎಸ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ಸ್ವಯಂನಲ್ಲಿ ಪಾಠಗಳಿವೆ. ರಜೆಯಲ್ಲಿ ನಮ್ಮ ಹಳ್ಳದ ಜಲಾನಯನ ನಕ್ಷೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಈಗಿನವರಿಗೆ ಕೆಲವು ಬದಲಾಗಿವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದ್ಧತಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಹಾಗಾಗಿ ಅಕ್ಕ, ಅಣ್ಣ ಓದಿದ ಸಿಲಬಸ್ ನೋಡಿ ತೀರ್ಮಾನ ಮಾಡಬೇಡಿ, ನೀವು ಸೇರುವ ವರ್ಷದ್ದನ್ನೇ ತೆಗೆಸಿ. ಕಾಲೇಜಿಗೆ ಒಮ್ಮೆ ಹೋಗಿ ಲ್ಯಾಬ್ ತೋರಿಸಿ ಎಂದು ಕೇಳಿ. ಬಿಒಡಿ ಇನ್‌ಕ್ಯುಬೇಟರ್ ಇದೆಯಾ, ಅದು ಓಡುತ್ತಾ ಎಂದು ಕೇಳಲು ಸಂಕೋಚ ಬೇಡ. ಬಿ.ಎಡ್. ಮಾಡಿ ಸರ್ಕಾರಿ ಶಾಲೆಗೆ ಹೋಗುವ ಆಸೆ ಇದ್ದರೆ ಯಾವ ಕಾಂಬಿನೇಶನ್‌ಗೆ ಅವಕಾಶ ಇದೆ ಎಂದು ಶಿಕ್ಷಕರ ನೇಮಕಾತಿಯ ನೋಟಿಫಿಕೇಶನ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಹುಲಿ, ಆನೆ, ಹಕ್ಕಿಯ ಹಿಂದೆ ಹೋಗಬೇಕು ಎನ್ನುವವರು ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ಗಟ್ಟಿ ಮಾಡಿಕೊಂಡು, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಂಥ ಕಡೆಯ ಎಂ.ಎಸ್ಸಿ.ಗೆ ಪ್ರಯತ್ನ ಮಾಡುವುದು ಒಳ್ಳೆಯದು.

ನಾನೀಗ ಹಾಸನದಲ್ಲಿ ಒಂದು ನೀರಿನ ಲ್ಯಾಬ್‌ನಲ್ಲಿದ್ದೇನೆ. ಕೆಲಸ ಕೊಡುವಾಗ ಅವರು ಮೊದಲು ಕೇಳಿದ್ದು, ಟೈಟ್ರೇಶನ್, ಅಂದರೆ ಹೀಗೆ ದ್ರಾವಣ ಹನಿಸಿ ಅಳೆಯುವುದನ್ನು, ಕೈಯಾರೆ ಎಷ್ಟು ಮಾಡಿದ್ದೀಯ ಎಂದು. ಮೊದಲ ಸಂಬಳ 14,000 ರೂಪಾಯಿ. ಅದು ಕಮ್ಮಿ, ನಿಜ. ಈಗ ಪರವಾಗಿಲ್ಲ. ಹೊಳೆ, ಹಳ್ಳಕ್ಕೆ ಬಿಡುವ ತ್ಯಾಜ್ಯ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ಪಲ್ಪಿಂಗ್ ನೀರು ಸಂಸ್ಕರಿಸದೆ ಇದ್ದರೆ ಸಾವಿರಗಳಲ್ಲಿ ಇರುತ್ತದೆ. ಆ ಅಂಕಿ ಬರೆಯುವಾಗಲೆಲ್ಲ ಬಿಳಿ ಬಾಟಲಿ ನೆನಪಾಗುತ್ತದೆ.

ಮೇಲಿನ ತೋಟದ ಗೌಡ್ರಿಗೆ ಅವತ್ತೇ ಬಾಟಲಿ ತೋರಿಸಿದ್ದೆ. ಕೂರಿಸಿ ಕಾಫಿ ಕೊಟ್ಟರು, ಕೇಳಿದರು, ಏನೂ ಮಾಡಲಿಲ್ಲ. ಮೂರು ವರ್ಷ ಆದ ಮೇಲೆ, ಕಾಫಿ ಕೊಳ್ಳುವವರು ಪರಿಸರ ಕೆಡಿಸದೆ ಬೆಳೆದದ್ದು ಎಂಬ ಸರ್ಟಿಫಿಕೇಟ್ ಕೇಳಲು ಶುರುಮಾಡಿದಾಗ ಅವರೇ ಫೋನ್ ಮಾಡಿದರು. "ಅವತ್ತು ಏನೋ ಹೇಳಿದ್ಯಲ್ಲಮ್ಮ, ಒಂದ್ಸಲ ಬಂದು ನೋಡು" ಎಂದರು. ಹೋದೆ. ಸುಣ್ಣ ಹಾಕಿ ಹುಳಿ ಮುರಿಯುವ ತೊಟ್ಟಿ, ಆಮೇಲೆ ಒಂದರ ಕೆಳಗೊಂದು ಎರಡು ಗುಂಡಿ. ತೋಟದ ರೈಟರ್‌ಗೆ ನೀರಿನ ಹುಳಿ ತೋರಿಸುವ ಪಿಎಚ್ ಕಾಗದ ಬಳಸುವುದು ಹೇಳಿಕೊಟ್ಟೆ. ಕಳೆದ ಡಿಸೆಂಬರ್‌ನಲ್ಲಿ ಮನೆ ಹಿಂದೆ ಬಾಟಲಿ ತುಂಬಿದಾಗ ಗಸಿ ಬಂದದ್ದು ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಚಹಾದ ಹಾಗೆ. ಲೀಟರಿಗೆ 3.8 ಮಿಲಿಗ್ರಾಂ. ಇನ್ನೂ ಸಾಲದು. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಅವಳದು ಈ ವರ್ಷ ದ್ವಿತೀಯ ಪಿಯುಸಿ. ಕೃಷಿಕರ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಚಿಕ್ಕಪ್ಪ ಆಗಲೇ ಜೋಡಿಸಿಟ್ಟಿದ್ದಾರೆ.