ಅಂಚಿನಲ್ಲಿ ಸೋರಿಹೋದ ಔಷಧಿ

ಎಂ.ಫಾರ್ಮ್ ಪ್ರಾಜೆಕ್ಟಿಗೆ ನಾನು ಕಣ್ಣಿನ ಇನ್ಸರ್ಟ್, ಅಂದರೆ ರೆಪ್ಪೆಯೊಳಗೆ ಕೂತು ನಿಧಾನವಾಗಿ ಔಷಧಿ ಬಿಡುವ ಬಿಲ್ಲೆ, ಆರಿಸಿಕೊಂಡಿದ್ದು ಅಜ್ಜಿಯಿಂದ. ಅವರಿಗೆ ಗ್ಲಾಕೋಮಾ, ಕಣ್ಣಿನ ನರಕ್ಕೆ ಪೆಟ್ಟು ಕೊಡುವ ಕಾಯಿಲೆ. ಕಣ್ಣಿನೊಳಗಿನ ಒತ್ತಡ ಇಳಿಸುವ ಟಿಮೊಲಾಲ್ ಹನಿಯನ್ನು ದಿನಕ್ಕೆರಡು ಸಲ ಹಾಕಬೇಕು, ಹಾಕಿದಾಗೆಲ್ಲ ಅರ್ಧ ಕೆನ್ನೆ ಮೇಲೆ ಇಳಿಯುತ್ತಿತ್ತು. ತಪ್ಪು ಅಜ್ಜಿಯದಲ್ಲ. ಕಣ್ಣಲ್ಲಿ ಯಾವಾಗಲೂ ಇರುವ ನೀರು ಸುಮಾರು 7 ಮೈಕ್ರೋಲೀಟರ್, ಬೀಳುವ ಹನಿ 30ರಿಂದ 50. ಮಿಕ್ಕಿದ್ದು ಕೆನ್ನೆಗೆ, ಇಲ್ಲವೇ ಮೂಗಿನ ದಾರಿ ಹಿಡಿದು ಗಂಟಲಿಗೆ. ಒಳಗೆ ತಲುಪುವುದು ನೂರಕ್ಕೆ ಐದರಷ್ಟೂ ಇಲ್ಲ.

ಅದಕ್ಕೇ ಕೆಳರೆಪ್ಪೆಯೊಳಗೆ ಇಡುವ ತೆಳು ಬಿಲ್ಲೆ. 0.5% ಔಷಧಿಯ 50 ಮೈಕ್ರೋಲೀಟರ್ ಹನಿಯಲ್ಲಿ 0.25 ಮಿಲಿಗ್ರಾಂ, ಎರಡು ಸಲಕ್ಕೆ 0.5. ಅಷ್ಟನ್ನೂ ಒಂದೇ ಬಿಲ್ಲೆ 24 ಗಂಟೆ ಬಿಡುತ್ತಾ ಇರಬೇಕು. ಔಷಧಿಯ ದ್ರಾವಣವನ್ನು ಪೆಟ್ರಿ ಡಿಶ್ ಎಂಬ ಚಪ್ಪಟೆ ಗಾಜಿನ ತಟ್ಟೆಯಲ್ಲಿ ಒಣಗಿಸಿ, ಬರುವ ಫಿಲ್ಮಿನಿಂದ ಬಿಲ್ಲೆ ಕತ್ತರಿಸುವುದು. 9 ಸೆಂ.ಮೀ. ಡಿಶ್ ಅಂದರೆ, 8 ಮಿ.ಮೀ. ಬಿಲ್ಲೆಯ ವಿಸ್ತೀರ್ಣದ ಲೆಕ್ಕದಲ್ಲಿ 126 ಪಾಲು, ಹಾಗಾಗಿ ಡಿಶ್‌ಗೆ 63 ಮಿಲಿಗ್ರಾಂ ಹಾಕಿದೆ. (ಡಿಶ್‌ನ ಸುತ್ತ ಫಿಲ್ಮ್ ದಪ್ಪ ಬರುತ್ತೆ, ನಡುವಿನದನ್ನು ಮಾತ್ರ ಕತ್ತರಿಸಿಕೊಳ್ಳಿ.)

ಒಣಗಿದರೆ ಫಿಲ್ಮ್ ಆಗುವ ಎಚ್‌ಪಿಎಂಸಿ ಪುಡಿಯನ್ನು ನೀರಲ್ಲಿ ಕರಗಿಸಿ, ಔಷಧಿ ಸೇರಿಸಿ, ಗುಳ್ಳೆ ಹೋಗಲಿ ಅಂತ ರಾತ್ರಿಯಿಡೀ ಬಿಟ್ಟು, ಡಿಶ್‌ಗೆ ಸುರಿದು, ನಿಧಾನ ಒಣಗಲಿ ಅಂತ ಮೇಲೆ ಫನಲ್ ಬೋರಲು ಹಾಕಿದೆ. ಮೊದಲ ಫಿಲ್ಮ್ ಹಪ್ಪಳದ ಹಾಗೆ ಮುರಿಯಿತು, ಮೆತ್ತಗಾಗಲಿ ಅಂತ ಹಾಕಿದ್ದ ಗ್ಲಿಸರಿನ್ ಸಾಲಲಿಲ್ಲ. ಎರಡನೆಯದಕ್ಕೆ ಜಾಸ್ತಿ ಆಯ್ತು, ಮಳೆಗಾಲ ಬೇರೆ, ಚಿಮಟಕ್ಕೇ ಅಂಟಿಕೊಂಡಿತು. ಇವೆಲ್ಲ ಎಲ್ಲರಿಗೂ ಆಗುವ ಕಥೆ, ಬಿಡಿ.

ನಿಜವಾದ ಕಾಟ ಬೇರೆ. ಔಷಧಿ ನಿಧಾನ ಹೊರಬರಲಿ ಅಂತ ಅದರ ಪದರದ ಎರಡೂ ಕಡೆ ನೀರಲ್ಲಿ ಕರಗದ ಈಥೈಲ್ ಸೆಲ್ಯುಲೋಸ್ ಪದರ ಇಟ್ಟು, ಮೂರನ್ನೂ ಒಟ್ಟಿಗೆ ಕಾರ್ಕ್ ಬೋರರ್‌ನಿಂದ (ದುಂಡಗೆ ಕತ್ತರಿಸುವ ಲೋಹದ ಕೊಳವೆ) ಕತ್ತರಿಸಿದೆ. ಕಣ್ಣೀರಿನಂಥ 7.4 ಪಿಎಚ್ ದ್ರಾವಣದಲ್ಲಿ ಬಿಡುಗಡೆ ನೋಡಿದರೆ, ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಔಷಧಿ ಹೊರಗೆ! ಪದರ ದಪ್ಪ ಮಾಡಿದೆ. ಇನ್ನೂ ದಪ್ಪ ಮಾಡಿದೆ. ಎರಡು ವಾರ ಹೋಯಿತು, ಅಂಕಿ ಅಲ್ಲಾಡಲಿಲ್ಲ. ಒಂದು ಸಂಜೆ ಬಿಲ್ಲೆಯನ್ನು ಸುಮ್ನೆ ಅಡ್ಡ ನಿಲ್ಲಿಸಿ ಮೈಕ್ರೋಸ್ಕೋಪ್ ಕೆಳಗೆ ನೋಡಿದಾಗ ಗೊತ್ತಾಯಿತು: ಮೇಲೆ ಕೆಳಗೆ ಮುಚ್ಚಿದ್ದೆ, ಸುತ್ತ ಅಂಚು ಹಾಗೇ ತೆರೆದಿತ್ತು. ಅಂಚು ಒತ್ತದ ಕರ್ಜಿಕಾಯಿಯನ್ನು ಎಣ್ಣೆಗೆ ಬಿಟ್ಟ ಹಾಗೆ.

ಆಮೇಲೆ ಔಷಧಿ ಬಿಲ್ಲೆ 8 ಮಿ.ಮೀ., ಮುಚ್ಚುವ ಬಿಲ್ಲೆಗಳು 10 ಮಿ.ಮೀ. ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಎಥನಾಲ್ ಮತ್ತು ಅಸಿಟೋನ್ ಆವಿಯಲ್ಲಿ ಒಂದೆರಡು ನಿಮಿಷ ಹಿಡಿದೆ. ಅಂಚು ಮೆತ್ತಗಾಗುತ್ತದೆ, ಒತ್ತಿದರೆ ಕೂಡಿಕೊಳ್ಳುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಬಿಲ್ಲೆಯೇ ಸುಕ್ಕಾಗುತ್ತೆ, ಎಚ್ಚರ. ಬಿಡುಗಡೆ ಈಗ ದಿನವಿಡೀ ಎಳೆಯಿತು.

ಊರಿಗೆ ಹೋದಾಗ ಖುಷಿಯಿಂದ ಅಜ್ಜಿಗೆ ತೋರಿಸಿದೆ, ಔಷಧಿ ಇಲ್ಲದ ಬಿಲ್ಲೆ. ಅಂಗೈ ಮೇಲಿಟ್ಟು ನೋಡಿ, "ನಿದ್ದೇಲಿ ಬಿದ್ದುಹೋದ್ರೆ ನಂಗೆ ಗೊತ್ತಾಗೋದು ಹೆಂಗೆ ಮಗಾ?" ಅಂದರು. 1974ರಲ್ಲಿ ಅಮೆರಿಕದಲ್ಲಿ ಬಂದ, ಏಳು ದಿನ ಪೈಲೋಕಾರ್ಪಿನ್ ಎಂಬ ಗ್ಲಾಕೋಮಾ ಔಷಧಿ ಬಿಡುವ ಆಕ್ಯುಸರ್ಟ್ ಇನ್ಸರ್ಟ್‌ಗೂ ಇದೇ ತೊಂದರೆ ಇತ್ತು. ಕಣ್ಣಿಗೆ ಕಾಣಲಿ ಅಂತ ಅದರ ಸುತ್ತ ಬಿಳಿ ಅಂಚು ಕೊಟ್ಟಿದ್ದರು. ನನ್ನ ಬಿಲ್ಲೆ ಗಾಜಿನಷ್ಟು ಪಾರದರ್ಶಕ. ಅದನ್ನೇ ಪ್ರಬಂಧದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೆ.